ಬಾಗಿಲಕ್ಕ ತೆಗೆಯದ ಒಂದು ಹೆಸರು

ಬೆಳಗಿನ ಐದೂವರೆ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಬಾಗಿಲಕ್ಕ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಾರೆ. ಪಾಳಿ ಬದಲಾಗುವ ಹೊತ್ತು. ಅರ್ಧ ಗಂಟೆಯಲ್ಲಿ ಇನ್ನೂರು ಜನ ಆಸ್ಪತ್ರೆಯ ನೆಟ್‌ವರ್ಕ್‌ಗೆ ಬರುತ್ತಾರೆ. ಬಂದವರು ಯಾರೆಂದು ಖಾತ್ರಿ ಮಾಡಿಕೊಳ್ಳಬೇಕು, ಅವರ ಕೆಲಸಕ್ಕೆ ಬೇಕಾದಷ್ಟನ್ನೇ ತೆರೆದುಕೊಡಬೇಕು, ಏನೇನು ಮುಟ್ಟಿದರೆಂದು ದಾಖಲೆ ಇಡಬೇಕು. ಈ ಕೆಲಸ ನೋಡಿಯೇ ನರ್ಸುಗಳು ಅವರಿಗೆ ಆ ಹೆಸರಿಟ್ಟದ್ದು.

"ಅಡುಗೆಯವನಿಗೆ ಪಥ್ಯದ ಪಟ್ಟಿ ಕಾಣುತ್ತೆ, ರೋಗ ಕಾಣಲ್ಲ. ದೊಡ್ಡ ಡಾಕ್ಟ್ರಾದ್ರೂ ಗುರುತಿಲ್ಲದ ಫೋನಿಂದ ಬಂದ್ರೆ ಹೊರಗೇ ನಿಲ್ಲಿಸ್ತೀನಿ. ಬೈತಾರೆ, ಬೈಸ್ಕೋತೀನಿ."

ಹನ್ನೊಂದು ವರ್ಷದಿಂದ ಇದೇ ಕುರ್ಚಿ. "ಊರ ಬಾಗಿಲೆಲ್ಲ ಕಾಯ್ತಾಳೆ, ಮನೆ ಬೀಗ ಮಾತ್ರ ಮರೀತಾಳೆ" ಎಂದು ಅತ್ತೆ ಛೇಡಿಸುತ್ತಾರೆ.

ಎರಡು ತಿಂಗಳ ಹಿಂದೆ ಮಕ್ಕಳ ವಾರ್ಡಿನ ಒಂದು ಕೂಸಿಗೆ ಔಷಧಿಯ ಪ್ರಮಾಣ ಹತ್ತು ಪಟ್ಟು ದಾಖಲಾಯಿತು. ಸೂಜಿ ಚುಚ್ಚುವ ಮುಂಚೆ ನರ್ಸೊಬ್ಬಳಿಗೆ ಅನುಮಾನ ಬಂದು ಕೂಸು ಉಳಿಯಿತು. ಬರೆದವರು ಯಾರು? ಬಾಗಿಲಕ್ಕ ದಾಖಲೆ ತೆಗೆದು ನೋಡಿದರು. ಅಲ್ಲಿದ್ದದ್ದು ಆ ವಾರ್ಡಿನ ಹಿರಿಯ ನರ್ಸಿನ ಹೆಸರು. ಆಕೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ವಾರ್ಡಿಗೆ ಓಡಿದರು. ಔಷಧಿ ಕಪಾಟಿನ ಒಳಮೈಗೆ ಒಂದು ಚೀಟಿ ಅಂಟಿಸಿತ್ತು, ಸತ್ತವಳ ಅಕ್ಷರದಲ್ಲೇ ಅವಳ ಪಾಸ್‌ವರ್ಡ್. ಒಂಬತ್ತು ಜನ ಅದನ್ನೇ ಬಳಸುತ್ತಿದ್ದರು.

"ನಮ್ಮ ಹೆಸರಲ್ಲಿ ಅನುಮತಿ ಕೇಳಿದ್ರೆ ಮೂರು ದಿನ ಮಾಡ್ತೀರಲ್ಲಕ್ಕಾ. ಮಗೂಗೆ ಬಂದ ಜ್ವರ ಮೂರು ದಿನ ಕಾಯುತ್ತಾ?" ಎಂದಳು ಹೊಸ ನರ್ಸು.

ಒಂಬತ್ತರಲ್ಲಿ ತಪ್ಪಿದ್ದು ಯಾರ ಕೈ ಎಂಬುದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಕೆಲಸ ಬಿಟ್ಟವರ ಪಟ್ಟಿಯನ್ನು ಕಚೇರಿ ಕಳಿಸುತ್ತದೆ, ಅದನ್ನು ನೋಡಿ ಬಾಗಿಲಕ್ಕ ಹೆಸರು ತೆಗೆಯುತ್ತಾರೆ. ಸತ್ತವರು ರಾಜೀನಾಮೆ ಕೊಡುವುದಿಲ್ಲ, ಹಾಗಾಗಿ ಅವಳ ಹೆಸರು ಅದರಲ್ಲಿರಲಿಲ್ಲ. ಬಾಗಿಲಕ್ಕ ಆ ನೆಪ ಹೇಳುವುದಿಲ್ಲ.

"ಅವಳ ಮಣ್ಣಿಗೆ ನಾನೇ ಹೋಗಿದ್ದೆ. ಅತ್ತಿದ್ದೆ ಕೂಡ. ವಾಪಸ್ ಬಂದು ಇಲ್ಲೇ ಕೂತೆ. ಹೆಸರು ತೆಗೀಬೇಕು ಅಂತ ಹೊಳೀಲೇ ಇಲ್ಲ, ನೋಡಿ."



ಹೊಸಬರಿಗೆ ಈಗ ಹತ್ತು ನಿಮಿಷದಲ್ಲಿ ಅನುಮತಿ. ದಿನಾ ಒಂದೊಂದು ವಾರ್ಡಿಗೆ ಹೋಗಿ, ಪಟ್ಟಿಯ ಪ್ರತಿ ಹೆಸರಿಗೂ ಒಂದು ಮುಖ ಇದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಮುಖ ಸಿಗದ ಹೆಸರು ಸಂಜೆಯೊಳಗೆ ಹೋಗುತ್ತದೆ. ಒಟ್ಟು ಆರುನೂರ ನಲವತ್ತು ಹೆಸರು. ಇದನ್ನು ಮಾಡೆಂದು ಯಾರೂ ಹೇಳಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ತಡಮಾಡದೆ ಹೇಳುತ್ತಾರೆ:

"ನಾನು ಹೋದ ಸುದ್ದಿ ಬಂದ್ರೆ, ಇಲ್ಲಿ ಕೂತಿರೋರು ಮಣ್ಣಿಗೆ ಆಮೇಲೆ ಬರ್ಲಿ. ಮೊದಲು ನನ್ನ ಹೆಸರು ತೆಗೀಲಿ."