ಹಿಮದ ಮೇಲೆ ಭಂಡಾರ

ಕಾಲಿಟ್ಟೆ, ನೆಲ ಕಾಲನ್ನು ನುಂಗಿತು. ಮೊಳಕಾಲಿನ ತನಕ. ಏಪ್ರಿಲ್ ತಿಂಗಳು, ತಲೆಯ ಮೇಲೆ ಬಿಸಿಲು, ಕೆಳಗೆ ಹಸಿರಿನಲ್ಲಿ ಕುರಿಮರಿಗಳು ಜಿಗಿಯುತ್ತಿವೆ, ಮೇಲೆ ನಾನು ಇಳಕಲ್ ಸೀರೆಯೊಳಗೆ ಅಳಿಯನ ಮಳೆಪ್ಯಾಂಟು ತೊಟ್ಟು ಹಿಮದಲ್ಲಿ ಹೂತು ನಿಂತಿದ್ದೇನೆ. ನಮ್ಮ ವಿಜಯಪುರದ ಕಡೆ ಈ ತಿಂಗಳಲ್ಲಿ ಬರಿಗಾಲು ಅಂಗಳಕ್ಕಿಟ್ಟರೆ ಚುರ್ ಅನ್ನುತ್ತದೆ. ಇಲ್ಲಿ ಬೂಟಿನೊಳಗೆ ಇಳಿದ ಹಿಮವೂ ಹಾಗೆಯೇ ಚುರ್ ಅಂತು. ಬೆಂಕಿಗೂ ಹಿಮಕ್ಕೂ ಇಷ್ಟು ಹತ್ತಿರದ ನಂಟಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಹಿಮ ಅಂದರೆ ಹಿಂಜಿದ ಅರಳೆ ಅಂದುಕೊಂಡಿದ್ದೆ. ಚಳಿಗಾಲ ಹೋದ ಮೇಲೂ ಗುಡ್ಡದ ಮೇಲೆ ಉಳಿದುಕೊಂಡ ಹಿಮ ಹಾಗಿರುವುದಿಲ್ಲ. ಶಿರಾ ಮಾಡುವ ದಪ್ಪ ರವೆಯ ಹಾಗೆ ಹರಳು ಹರಳು. ಅಂಚಿನಲ್ಲಿ ಮಣ್ಣು ಹತ್ತಿ ಮಾಸಿರುತ್ತದೆ. ಕಿವಿಗೊಟ್ಟರೆ ಅದರ ಅಡಿಯಲ್ಲಿ ನೀರು ಹರಿಯುವುದು ಕೇಳಿಸುತ್ತದೆ. ಮುಟ್ಟಿ ನೋಡಿದೆ, ಒಂದು ಚೂರು ಬಾಯಿಗೂ ಹಾಕಿಕೊಂಡೆ. ನಗುವವರು ನಗಲಿ.

ನಾನು ಆ ಗುಡ್ಡಕ್ಕೆ ಹೋದದ್ದು ಮೋಜಿಗಲ್ಲ. ಹರಕೆ ತೀರಿಸುವುದಿತ್ತು.

ನನ್ನ ಮಗಳು ಸುಮಾ ಲಂಡನ್ನಿನ ಕೊಲಿಂಡೇಲ್ ಎಂಬಲ್ಲಿ ಇದ್ದಾಳೆ. ಎಲ್ಲ ಹೊಸ ಕಟ್ಟಡಗಳು, ಒಂದರ ಮೇಲೊಂದು ಮನೆ. ಅವಳ ಗಂಡ ಪ್ರಶಾಂತ ಮೈಸೂರಿನವನು, ಬಹಳ ಮೆದು ಮಾತಿನ ಹುಡುಗ. ನಾಲ್ಕನೇ ಇಯತ್ತೆ ಓದಿದ ನಾನು ಮಗಳ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತಿದವಳು. ಈಗ ಕೆಲವು ತಿಂಗಳು ಲಂಡನ್ನಿನಲ್ಲಿ, ಕೆಲವು ತಿಂಗಳು ಊರಲ್ಲಿ.

ಆ ಮೊದಲ ಸಲವೇ ಕೂಸು ಅವಸರ ಮಾಡಿ ಏಳನೇ ತಿಂಗಳಿಗೆ ಹುಟ್ಟಿಬಿಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಡಾಕ್ಟರು ಸುಮಾಳಿಗೆ ಏನೋ ಹೇಳಿದರು. ನನಗೆ ಇಂಗ್ಲಿಷು ತಿಳಿಯಲಿಲ್ಲ, ಮಗಳ ಮುಖ ತಿಳಿಯಿತು. ಉಳಿಯಬಹುದು, ಆದರೆ ಕಾಲು ಬರುತ್ತವೋ ಇಲ್ಲವೋ ಈಗಲೇ ಹೇಳಲಾಗದು ಅಂದಿದ್ದರಂತೆ. ಆ ಉದ್ದನೆಯ ಓಣಿಯಂಥ ವರಾಂಡದಲ್ಲಿ ಗೋಡೆ ಹಿಡಿದು ನಿಂತು ನಮ್ಮ ದೇವಿ ಎಲ್ಲವ್ವನನ್ನು ನೆನೆದೆ. ಈ ಕೂಸು ತನ್ನ ಕಾಲ ಮೇಲೆ ನಡೆದರೆ ಅದನ್ನು ಕರೆದುಕೊಂಡು ಗುಡ್ಡ ಹತ್ತುತ್ತೇನೆ ಅಂದೆ. ಯಾವ ಗುಡ್ಡ ಅಂತ ಹೇಳುವಷ್ಟು ನೆಟ್ಟಗೆ ಬುದ್ಧಿ ಇರಲಿಲ್ಲ ಆಗ.

ಅನ್ವಿ ತಡವಾಗಿ ನಡೆದಳು. ಈಗ ಎಂಟು ವರ್ಷ, ಓಡುತ್ತಾಳೆ. ಆದರೆ ಮನೆಯಲ್ಲಿ ಸುಮಾ ಒಂದು ಕಟ್ಟಪ್ಪಣೆ ಮಾಡಿದ್ದಳು: ಹುಟ್ಟಿದಾಗಿನ ಸುದ್ದಿ ಅನ್ವಿಯ ಕಿವಿಗೆ ಬೀಳಬಾರದು. ತಾನು ಗಟ್ಟಿಯಿಲ್ಲ ಅಂತ ಮಗಳು ತಿಳಿಯಬಾರದು ಎನ್ನುವುದು ಅವಳ ಆಸೆ. ನಾನು ಒಪ್ಪಿದೆ, ಹರಕೆಯನ್ನೂ ನುಂಗಿಕೊಂಡೆ. ಹೋದ ವರ್ಷ ಎಲ್ಲರೂ ಊರಿಗೆ ಹೋಗಿದ್ದಾಗ ಸವದತ್ತಿಗೆ, ಎಲ್ಲವ್ವನ ಗುಡ್ಡಕ್ಕೆ, ಹೋದೆವು. ಅಲ್ಲಿ ಗಾಡಿ ಗುಡಿಯ ಹತ್ತಿರದ ತನಕ ಹೋಗಿಬಿಡುತ್ತದೆ. ಅನ್ವಿ ಕಾರಿನಲ್ಲಿ ನಿದ್ದೆ ಹೋಗಿದ್ದಳು. ಅದನ್ನು ಗುಡ್ಡ ಹತ್ತಿದ್ದು ಅಂತ ದೇವಿಗೆ ಹೇಗೆ ಹೇಳಲಿ?

ಲಂಡನ್ನಿಗೆ ತಿರುಗಿ ಬಂದ ಮೇಲೆ ಇಲ್ಲಿನ ಗುಡ್ಡ ಹುಡುಕಿದೆ. ನಮ್ಮ ಮನೆಯ ಹತ್ತಿರವೇ ಮಿಲ್ ಹಿಲ್ ಇದೆ, ಆ ಕಡೆ ಡಾಲಿಸ್ ಹಿಲ್. ಎರಡಕ್ಕೂ ಅನ್ವಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಅಂಗಡಿ, ಮನೆ, ಮತ್ತೊಂದು ಬಸ್ ಸ್ಟಾಪು. ಊರು ಅಲ್ಲಲ್ಲಿ ಸ್ವಲ್ಪ ಬೆನ್ನು ಎತ್ತಿದರೂ ಸಾಕು, ಇವರು ಹಿಲ್ ಅಂತ ಹೆಸರಿಡುತ್ತಾರೆ. ಕೊನೆಗೆ ಅಳಿಯನನ್ನೇ ಕೇಳಿದೆ, ಈ ದೇಶದಲ್ಲಿ ಖರೆ ಗುಡ್ಡ ಎಲ್ಲಿದೆ ಅಂತ. ಅವನಿಗೆ ಖುಷಿಯೋ ಖುಷಿ. ಆಫೀಸಿನ ಗೆಳೆಯರ ಜೊತೆ ಗುಡ್ಡ ಅಲೆಯುವ ಹುಚ್ಚು ಅವನಿಗಿದೆ. ಉತ್ತರಕ್ಕೆ ಕೆರೆಗಳ ಸೀಮೆಯಿದೆ, ಅಲ್ಲಿ ಸ್ಕಿಡಾ ಎನ್ನುವ ಶಿಖರ, ದಾರಿ ಅಗಲವಾಗಿದೆ, ಈಸ್ಟರ್ ರಜೆಯಲ್ಲಿ ನಾಲ್ವರೂ ಹೋಗೋಣ ಅಂದ.

ಅಲ್ಲಿಂದ ನನ್ನ ತಯಾರಿ ಶುರು. ಲಿಫ್ಟು ಬಿಟ್ಟು ದಿನಾ ಮೆಟ್ಟಿಲು ಹತ್ತಿದೆ. ಸೀರೆ ಉಟ್ಟ ಮುದುಕಿ ಏದುಸಿರು ಬಿಡುತ್ತ ಹತ್ತುವುದನ್ನು ಕಂಡು ಪಕ್ಕದ ಮನೆಯಾಕೆ ಲಿಫ್ಟು ಕೆಟ್ಟಿದೆ ಅಂತ ಫೋನು ಮಾಡಿದಳು, ರಿಪೇರಿಯವನು ಬಂದೇ ಬಿಟ್ಟ. ನಮ್ಮವರ ಅಂಗಡಿಗಳಿರುವ ಈಸ್ಟ್ ಹ್ಯಾಮ್‌ಗೆ ಜೋಳದ ಹಿಟ್ಟು ತರಲು ಹೋದಾಗ ಒಂದು ತೆಂಗಿನಕಾಯಿ ತಂದಿಟ್ಟೆ. ದೇವರ ಮಾಡದಿಂದ ಎಲ್ಲವ್ವನ ಭಂಡಾರ, ಆ ಅರಿಸಿನದ ಪುಡಿ, ಒಂದು ಪೊಟ್ಟಣ ಕಟ್ಟಿಕೊಂಡೆ. ಯಾರಿಗೂ ಹೇಳಲಿಲ್ಲ.

ಆ ಗುಡ್ಡದ ದಾರಿಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಕೆಸರಾಗುವ ಕಡೆಯಲ್ಲೆಲ್ಲ ಯಾರೋ ಪುಣ್ಯಾತ್ಮರು ಚಪ್ಪಟೆ ಕಲ್ಲು ಹಾಸಿದ್ದಾರೆ. ಕುರಿ ಹೊರಗೆ ಹೋಗದಂತೆ ಗೇಟುಗಳಿವೆ. ತೆರೆದವರು ಹಿಂದೆ ಬರುವವರಿಗಾಗಿ ಹಿಡಿದು ನಿಲ್ಲುತ್ತಾರೆ, ಕೊನೆಯವರು ಮುಚ್ಚಿಯೇ ಹೋಗುತ್ತಾರೆ. ಕಾವಲಿಗೆ ಒಬ್ಬನೂ ಇಲ್ಲ. ನಮ್ಮ ಲಿಫ್ಟಿನಲ್ಲಿ ಮುಖ ನೋಡದೆ ನಿಲ್ಲುವ ಜನ ಇವರೇ ಏನು? ಗುಡ್ಡದ ಮೇಲೆ ಎದುರಾದವರೆಲ್ಲ ಹಲೋ ಅನ್ನುತ್ತಾರೆ. ಊರಿನ ಹಾದಿಯಲ್ಲಿ ನಡೆದ ಹಾಗೆ ಅನ್ನಿಸಿ ನಾನೂ ಎಲ್ಲರಿಗೂ ಹಲೋ ಅಂದೆ, ಒಂದೆರಡು ನಾಯಿಗಳಿಗೂ ಅಂದೆ.

ಮೊಳಕಾಲು ಹೂತದ್ದು ತುದಿ ಕಣ್ಣಿಗೆ ಬಿದ್ದ ಮೇಲೆ. ದಾರಿಗೆ ಅಡ್ಡವಾಗಿ ಹಿಮದ ದೊಡ್ಡ ಪಟ್ಟಿ ಬಿದ್ದಿತ್ತು. ಪ್ರಶಾಂತ ನನ್ನ ರಟ್ಟೆ ಹಿಡಿದು ಮೇಲೆತ್ತಿದ. ಅವನ ಮುಖ ಸಣ್ಣದಾಗಿತ್ತು.

“ಅತ್ತೆ, ಸಾಕು. ಇಲ್ಲೀವರ್ಗೂ ಬಂದಿದ್ದೇ ದೊಡ್ಡದು. ಒಂದು ಫೋಟೊ ತಗೊಂಡು ಇಳಿಯೋಣ.”

ನೀವಿಬ್ಬರೂ ಇಳಿಯಿರಿ, ನಾನೂ ಅನ್ವಿಯೂ ಹೋಗಿ ಬರುತ್ತೇವೆ ಅಂದೆ. ಸುಮಾಳಿಗೆ ಸಿಟ್ಟು ಬಂತು.

“ಯಾಕವ್ವಾ ಈ ಹಟ? ಏನೈತಿ ಆ ತುದಿಯಾಗ?”

“ಹರಕಿ ಐತಿ.”

“ಯಾರನ್ನ ಕೇಳಿ ಹೊತ್ತಿ?”

“ಅವತ್ತ ನೀ ಕೇಳೂ ಹಂಗಿದ್ದೇನು? ಕೂಸು ಕಾಲೂರಿ ನಡದ್ರ ಅಕಿನ್ನ ಕರಕೊಂಡು ಗುಡ್ಡ ಹತ್ತತೀನಿ ಅಂದೆ. ನನ್ನ ಹತ್ರ ಮತ್ತೇನಿತ್ತು ಕೊಡಾಕ?”

ಹೇಳಿ ಮುಗಿಸಿದ ಮೇಲೆ ನೆನಪಾಯಿತು, ಅನ್ವಿ ಅಲ್ಲೇ ನಿಂತಿದ್ದಳು. ಅವಳು ಮಾತನಾಡುವುದು ಇಂಗ್ಲಿಷು, ಆದರೆ ನನ್ನ ಕನ್ನಡದಲ್ಲಿ ಒಂದಕ್ಷರವೂ ಅವಳಿಗೆ ತಪ್ಪುವುದಿಲ್ಲ. ಸುಮಾ ಬಾಯಿಗೆ ಕೈ ಇಟ್ಟುಕೊಂಡಳು. ಎಂಟು ವರ್ಷ ಕಾಯ್ದುಕೊಂಡು ಬಂದದ್ದನ್ನು ಒಂದು ಉಸಿರಿನಲ್ಲಿ ಚೆಲ್ಲಿಬಿಟ್ಟಿದ್ದೆ.

ನನ್ನ ಕಾಲಿಗಾಗಿಯಾ ಅಂತ ಅನ್ವಿ ಕೇಳಿದಳು. ನನಗೂ ತಿಳಿಯುವಷ್ಟು ಸಣ್ಣ ಇಂಗ್ಲಿಷು ಅದು. ಹೂಂ ಅಂದೆ. ತನ್ನ ಎರಡೂ ಬೂಟುಗಳನ್ನು ನೋಡಿಕೊಂಡಳು. ನಾನು ಸಾಯುವವಳಿದ್ದೆನಾ ಅಂತ ಅವ್ವನನ್ನು ಕೇಳಿದಳು. ಸುಮಾ ಹಿಮದಲ್ಲೇ ಮಂಡಿಯೂರಿ ಅವಳನ್ನು ತಬ್ಬಿಕೊಂಡು, ನೀನು ಬಹಳ ಸಣ್ಣವಳಿದ್ದಿ, ಬಹಳ ಹಟಮಾರಿ ಇದ್ದಿ, ಅಷ್ಟೇ ಅಂದಳು. ಅಳು ಬಂದದ್ದು ಸುಮಾಳಿಗೆ, ಅನ್ವಿಗಲ್ಲ. ಅವಳು ಯೋಚನೆ ಮಾಡಿ, ತಾನು ಆಯಿ ಅನ್ನುವ ನನ್ನ ಕಡೆ ನೋಡಿ ಒಂದು ಮಾತು ಕೇಳಿದಳು. ಕಾಲು ನನ್ನದಾದರೆ ಆಯಿ ಯಾಕೆ ಮುಂದೆ ಹೋಗಬೇಕು?

ಪ್ರಶಾಂತ ನನ್ನ ರಟ್ಟೆ ಬಿಟ್ಟು ಅವಳ ಕೈ ಹಿಡಿದ.

ಅಷ್ಟು ಹೊತ್ತಿಗೆ ನನಗಿಂತ ಹಿರಿಯಳೇ ಆದ ಬಿಳಿಗೂದಲಿನ ಹೆಂಗಸೊಬ್ಬಳು ಎರಡು ಕೋಲು ಊರುತ್ತ ಮೇಲಿನಿಂದ ಇಳಿದು ಬಂದಳು. ನಮ್ಮ ಸ್ಥಿತಿ ನೋಡಿ, ಬೂಟಿನ ತುದಿಯಿಂದ ಹಿಮವನ್ನು ಒದ್ದು ಹೇಗೆ ಮೆಟ್ಟಿಲು ಮಾಡಬೇಕೆಂದು ತೋರಿಸಿದಳು. ಕೆಳಗೆ ಪ್ರಪಾತವಿಲ್ಲ, ಜಾರಿದರೂ ಹುಲ್ಲಿನ ಮೇಲೆ ಕೂರುತ್ತೀರಿ ಅಂದಳಂತೆ. ತನ್ನ ಕೋಲೊಂದನ್ನು ನನ್ನ ಕೈಗಿಟ್ಟು, ನಾವು ದಾಟುವ ತನಕ ನಿಂತು, ಪ್ರಶಾಂತ ತಿರುಗಿ ತಂದು ಕೊಟ್ಟ ಮೇಲೆಯೇ ಇಳಿದು ಹೋದಳು. ಹೆಸರೂ ಕೇಳಲಿಲ್ಲ ನಾನು.

ಅನ್ವಿ ಅಪ್ಪನ ಕೈ ಹಿಡಿದು ಒದ್ದು ಒದ್ದು ಮೆಟ್ಟಿಲು ಮಾಡುತ್ತ ಹೋದಳು. ನನ್ನ ಹಿಂದೆ ಸುಮಾ ಸೊಂಟಕ್ಕೆ ಕೈ ಕೊಟ್ಟಿದ್ದಳು. ಅನ್ವಿಯ ಬೂಟು ಮಾಡಿದ ಗುಣಿಗಳಲ್ಲಿ ನಾನು ಕಾಲಿಡುತ್ತ ಹೋದೆ. ಯಾವ ಕಾಲು ನೆಲಕ್ಕೆ ಊರೀತೋ ಇಲ್ಲವೋ ಅಂತ ಗೋಡೆ ಹಿಡಿದು ಅತ್ತಿದ್ದೆನೋ, ಆ ಕಾಲು ನನಗೆ ದಾರಿ ಮಾಡಿಕೊಡುತ್ತಿತ್ತು. ನನ್ನ ಬಾಯಿಂದ ಎಲ್ಲವ್ವನ ಜಯಕಾರ, ಉಧೋ ಉಧೋ ಅಂತ, ತಾನಾಗಿ ಬಂತು. ಸುಮಾ ಬೈಯಲಿಲ್ಲ. ನಡುವೆ ಎಲ್ಲೋ ಅವಳೂ ಸಣ್ಣ ದನಿಯಲ್ಲಿ ಉಧೋ ಅಂದದ್ದು ಕೇಳಿಸಿತು.

ತುದಿಯಲ್ಲಿ ಕಲ್ಲುಗಳ ನಡುವೆ ಎದೆಯೆತ್ತರದ ಒಂದು ಸಿಮೆಂಟಿನ ಕಂಬ ಇತ್ತು. ಗದ್ದುಗೆಯೇ ಅಂದುಕೊಂಡು ಪೊಟ್ಟಣ ಬಿಚ್ಚಿ ಭಂಡಾರ ಹಚ್ಚಿದೆ. ಗಾಳಿ ಬಂದು ಅರ್ಧ ಪುಡಿಯನ್ನು ಎತ್ತಿಕೊಂಡು ಹೋಗಿ ಪಕ್ಕದ ಹಿಮದ ಮೇಲೆ ಚೆಲ್ಲಿತು. ಬೆಳ್ಳಗಿನ ಮೇಲೆ ಆ ಹಳದಿ, ಏನು ಹೇಳಲಿ! ನಗು ತಡೆದುಕೊಂಡು ಪ್ರಶಾಂತ ಹೇಳಿದ, ಅದು ದೇಶದ ನೆಲ ಅಳೆಯುವವರು ಹಿಂದೆ ಕಟ್ಟಿದ ಕಂಬವಂತೆ, ಅದರ ಮೇಲೆ ಯಂತ್ರ ಇಟ್ಟು ನೋಡುತ್ತಿದ್ದರಂತೆ. ಆಗಲಿ, ನನ್ನ ಹರಕೆಯನ್ನೂ ಅಳೆದುಕೊಳ್ಳಲಿ ಅಂದೆ.

ಕಾಯಿಯನ್ನು ಅನ್ವಿಯ ಕೈಯಿಂದಲೇ ಒಡೆಸಿದೆ. ಮೂರು ಸಲ ತಪ್ಪಿ ನಾಲ್ಕನೆಯದಕ್ಕೆ ಒಡೆಯಿತು. ಗುಡ್ಡದ ಮೇಲೆ ಏನೂ ಬಿಟ್ಟು ಬರಬಾರದು ಅಂತ ಪ್ರಶಾಂತ ಚಿಪ್ಪು, ನಾರು ಎಲ್ಲ ಆರಿಸಿ ಚೀಲಕ್ಕೆ ಹಾಕಿದ. ಅಲ್ಲಿದ್ದವರಿಗೆಲ್ಲ ಅನ್ವಿ ಕೊಬ್ಬರಿ ಹಂಚಿದಳು. ಕೈಗವಸು ಬಿಚ್ಚಿ, ಬರಿಗೈ ಒಡ್ಡಿ ಇಸಿದುಕೊಂಡರು. ಒಬ್ಬ ಮುದುಕ ಅದಕ್ಕೆ ಬದಲು ಪುದೀನದ ವಾಸನೆಯ ಬಿಳಿ ಸಕ್ಕರೆ ಅಚ್ಚು ಮುರಿದು ಕೊಟ್ಟ. ಆ ಸೀಮೆಯಲ್ಲಿ ಗುಡ್ಡ ಹತ್ತುವವರೆಲ್ಲ ಅದನ್ನೇ ತಿನ್ನುತ್ತಾರಂತೆ. ನಮ್ಮ ಬತ್ತಾಸಿನ ತಂಗಿ. ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡೆ.

ಇನ್ನು ಕೈ ಮುಗಿಯುವುದೊಂದು ಉಳಿದಿತ್ತು. ಯಾವ ಕಡೆಗೆ? ನಮ್ಮೂರು ಎಲ್ಲಿ ಬರುತ್ತದೆ ಅಂತ ಕೇಳಿದೆ. ಪ್ರಶಾಂತ ಫೋನು ತಿರುಗಿಸಿ ನೋಡಿ, ಅಗೋ ಆ ಕೆರೆಗಿಂತ ಎಡಕ್ಕೆ, ದೂರ ಅಂದ. ಆ ಕಡೆ ತಿರುಗಿ ನೆಲಕ್ಕೆ ಹಣೆ ಹಚ್ಚಿದೆ. ಎದ್ದಾಗ ನನ್ನ ಬೆನ್ನ ಹಿಂದೆ ಹಿಮವಿತ್ತು, ನಾವು ಹತ್ತಿ ಬಂದ ಮೆಟ್ಟಿಲುಗಳಿದ್ದವು. ಆ ಗಾಜಿನ ಪೆಟ್ಟಿಗೆ, ರಾತ್ರಿಯೆಲ್ಲ ಅದನ್ನು ಕಾದ ನರ್ಸುಗಳು, ಕೋಲು ಕೊಟ್ಟ ಹೆಂಗಸು ಎಲ್ಲ ಈ ನೆಲದವರಲ್ಲವೇ? ಅವರಿಗೆ ಬೆನ್ನು ಕೊಟ್ಟು ಹೋಗುವುದು ಸರಿಯೆನಿಸಲಿಲ್ಲ. ತಿರುಗಿ ಈ ಕಡೆಗೂ ಹಣೆ ಹಚ್ಚಿದೆ.

ಅನ್ವಿ ಎಲ್ಲ ನೋಡುತ್ತಿದ್ದಳು. ಮಂಡಿಯೂರಿ ನನ್ನ ಹಾಗೆಯೇ ಮಾಡಿದಳು. ಅವಳು ಮೊದಲು ಮುಗಿದದ್ದು ಈ ನೆಲದ ಕಡೆಗೆ, ಆಮೇಲೆ ನಮ್ಮೂರಿನ ಕಡೆಗೆ.

ನಾನು ತಿದ್ದಲಿಲ್ಲ.