ಚಕ್ರಕ್ಕೆ ಸಿಕ್ಕ ದುಪಟ್ಟಾ

ಓಡುತ್ತಿದ್ದ ಬೆಲ್ಟ್ ಗ್ರೈಂಡರಿನ ಚಕ್ರಕ್ಕೆ ನನ್ನ ದುಪಟ್ಟಾದ ತುದಿ ಸಿಕ್ಕಿತು. ಕುತ್ತಿಗೆ ಬಿಗಿದು, ಮುಖ ಯಂತ್ರದತ್ತ ವಾಲಿತು. ಕೂಗಲು ಉಸಿರೇ ಬರಲಿಲ್ಲ.

ಅಲ್ಲಿಯವರೆಗೆ ಅರದಲ್ಲಿ ಉಜ್ಜಿಯೇ ಚಾಕು ಮಾಡುತ್ತಿದ್ದ ನಾನು, ಲೋಹ ಉಜ್ಜುವ ಸೆಕೆಂಡ್ ಹ್ಯಾಂಡ್ ಗ್ರೈಂಡರ್ ಕೊಳ್ಳಲು ಕಳಸದ ವರ್ಕ್‌ಶಾಪೊಂದಕ್ಕೆ ಹೋಗಿದ್ದೆ. ಅಲ್ಲಿದ್ದವುಗಳಲ್ಲಿ ಹೆಚ್ಚು ವೇಗದ್ದನ್ನೇ ಆರಿಸಿ, ಓಡಿಸಿ ತೋರಿಸಿ ಎಂದಿದ್ದೆ. ಅದರ ಸ್ವಿಚ್ ಇದ್ದದ್ದು ಹಿಂದಿನ ಗೋಡೆಯಲ್ಲಿ. ವರ್ಕ್‌ಶಾಪಿನ ಯಜಮಾನರು ಅತ್ತ ಓಡಲಿಲ್ಲ. ಮಾದರಿಗೆಂದು ನಾನು ತಂದು ಮೇಜಿನ ಮೇಲಿಟ್ಟಿದ್ದ ಚಾಕುವನ್ನು ಎತ್ತಿಕೊಂಡು, ಬಿಗಿದು ನಿಂತಿದ್ದ ಬಟ್ಟೆಯನ್ನು ಒಂದೇ ಎಳೆತಕ್ಕೆ ಕೊಯ್ದರು. ತುಂಡಾದ ಭಾಗ ಕಣ್ಣೆದುರೇ ಚಕ್ರಕ್ಕೆ ಸುತ್ತಿಕೊಂಡಿತು.

ಆಮೇಲೆ ಹೋಗಿ ಸ್ವಿಚ್ ಆರಿಸಿ ಬಂದು, ಚಕ್ರಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಡಿಸಿದರು.

"ಇದನ್ನ ಹೀಗೇ ನಿಮಗೆ ಕೊಡೋದಿಲ್ಲ ಮಾರಾಯ್ರೆ. ಮುಂದೆ, ಮೊಣಕಾಲಿಗೆ ಸಿಗೋ ಹಾಗೆ ಸ್ವಿಚ್ ಹಾಕಿಸ್ತೀನಿ. ಆಮೇಲೆ ಬನ್ನಿ" ಎಂದರು.

ಅದೇ ಗ್ರೈಂಡರ್ ಈಗ ನಮ್ಮ ಶೆಡ್ಡಿನಲ್ಲಿದೆ. ಮೊಣಕಾಲು ತಾಗಿಸಿದರೆ ಸಾಕು, ನಿಲ್ಲುತ್ತದೆ. ಆದರೂ ಪ್ರತಿ ಸಲ ಆನ್ ಮಾಡುವ ಮೊದಲು ನನ್ನ ಕೈ ತಾನಾಗಿಯೇ ಕುತ್ತಿಗೆಗೆ ಹೋಗಿ, ಅಲ್ಲೇನೂ ಇಲ್ಲವೆಂದು ಮುಟ್ಟಿ ನೋಡಿಕೊಳ್ಳುತ್ತದೆ.