ಸಾಹೇಬರಿಗೆ ಹಾಕಿದ್ದ ಕುರ್ಚಿ

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇದು ನನ್ನ ಮೊದಲ ಬರಹ. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ ತಪ್ಪುಗಳನ್ನು ಮನ್ನಿಸಬೇಕು. ಕಣ್ಣಿಗೆ ಕಾಣದ ಸಂಗತಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ದೃಢೀಕರಿಸಲಾರೆ.

ಕೆಲವು ವರ್ಷಗಳ ಹಿಂದೆ ಶಾಲಾ ಕೊಠಡಿಗಳನ್ನು ಪರಿಶೀಲಿಸಿ ವರದಿ ಸಲ್ಲಿಸಲು ನನ್ನನ್ನು ನಿಯೋಜಿಸಲಾಗಿತ್ತು. ಒಂದು ದಿನ ಬೆಳಿಗ್ಗೆ ಹಾವೇರಿಯಲ್ಲಿ ಟೈಲ್ಸ್ ಹಾಕಿದ, ಫ್ಯಾನು ತಿರುಗುವ ಶಾಲೆಯೊಂದನ್ನು ನೋಡಿದೆ. ರಾಣೇಬೆನ್ನೂರಿನ ಶಾಲೆಯಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಎರಡೂ ನಮೂನೆಗಳಲ್ಲಿ ‘ಕೊಠಡಿಗಳು ಬೋಧನೆಗೆ ಯೋಗ್ಯವಾಗಿವೆ’ ಎಂದು ಬರೆದೆ. ಮಧ್ಯಾಹ್ನ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯನ್ನು ತಲುಪಿದಾಗ ಮೂರು ದಿನಗಳ ಮಳೆ ಆಗಷ್ಟೇ ನಿಂತಿತ್ತು.

ಅಲ್ಲಿನ ಮುಖ್ಯ ಶಿಕ್ಷಕಿ ಗೇಟಿನಲ್ಲೇ ಹೇಳಿದರು: “ಸರ, ಮೂರನೇ ಕ್ಲಾಸಿನ ಖೋಲ್ಯಾಗ ಒಂದೀಟು ಕುಂತು ನೋಡ್ರಿ. ಹುಡುಗ್ರು ನಿಮಗಂತ ಕುರ್ಚಿ ಹಾಕ್ಯಾರ. ಹೋದ ಸಲ ಬಂದವ್ರು ರಸ್ತೆದಾಗಿಂದನ ಫೋಟೊ ಹೊಡ್ಕೊಂಡು ಹೋದ್ರು. ಫೋಟೊದಾಗ ಸೋರೂದು ಕಾಣತೈತೇನ್ರಿ?”

ನೋಡುತ್ತೇನೆ ಎಂದೆ. ಆದರೆ ಚಹಾ ಬಂತು, ಬಸ್ಸಿನ ಚಿಂತೆಯೂ ಇತ್ತು. ಕೊಠಡಿಗೆ ಕಾಲಿಡದೆಯೇ, ಅವರ ಕಚೇರಿಯಲ್ಲಿ ಕುಳಿತು, ಅದೇ ವಾಕ್ಯವನ್ನು ಮೂರನೆಯ ಬಾರಿ ಬರೆಯತೊಡಗಿದೆ. ಎದುರಿಗಿದ್ದ ಶಿಕ್ಷಕಿ ನನ್ನ ಪೆನ್ನನ್ನೇ ನೋಡುತ್ತಿದ್ದರು. ‘ಬೋಧನೆಗೆ’ ಎಂಬಲ್ಲಿಗೆ ಬಂದಾಗ ಗೋಡೆಯಾಚೆ ಏನೋ ಕುಸಿದ ಸದ್ದಾಯಿತು.

ಓಡಿದೆವು. ಮಕ್ಕಳೆಲ್ಲರೂ ಪಾಟೀಚೀಲ ಸಮೇತ ಅಂಗಳದ ಬೇವಿನ ಮರದಡಿ ಸಾಲಾಗಿ ನಿಂತಿದ್ದರು. ಕೊಠಡಿಯ ಬಾಗಿಲಿನಿಂದ ಧೂಳು ಹೊರಬರುತ್ತಿತ್ತು. ಒಳಗೆ ಛಾವಣಿಯ ಅರ್ಧ ಭಾಗ ಮಕ್ಕಳು ಕೂರುವ ಜಾಗದ ಮೇಲೆ, ನನಗಾಗಿ ಹಾಕಿದ್ದ ಕುರ್ಚಿಯ ಮೇಲೆ ಬಿದ್ದಿತ್ತು.

“ನಿಮ್ಮನ್ನ ಹೊರಗ ಯಾರು ಕಳಿಸಿದ್ರು?” ಶಿಕ್ಷಕಿ ಮಕ್ಕಳ ತಲೆ ಎಣಿಸುತ್ತ ಕೇಳಿದರು.

“ಸಾಹೇಬ್ರು ರೀ ಅಕ್ಕಾರ,” ಎಂದಳು ಮುಂದಿದ್ದ ಹುಡುಗಿ. “ಕುರ್ಚಿ ಮ್ಯಾಲ ಕುಂತ್ರು, ಮ್ಯಾಲ ನೋಡಿದ್ರು, ಲಗೂ ಹೊರಗ ನಡೀರಿ ಅಂದ್ರು.”

“ನಾನು ಬಂದೇ ಇಲ್ಲವಲ್ಲಮ್ಮ,” ಎಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಮತ್ತೆ ಬಾಗಿಲಿನತ್ತ ನೋಡಿದಳು. ಉಳಿದ ಮಕ್ಕಳೂ ಅತ್ತಲೇ ನೋಡುತ್ತಿದ್ದರು.

“ಅವ್ರು ಇನ್ನೂ ಹೊರಗ ಬಂದಿಲ್ರಿ,” ಎಂದಳು.

ಕಲ್ಲು ಮಣ್ಣನ್ನೆಲ್ಲ ತೆಗೆಸಿ ನೋಡಿದೆವು. ಮುರಿದ ಕುರ್ಚಿಯ ಹೊರತು ಏನೂ ಸಿಗಲಿಲ್ಲ. ಸದರಿ ನಮೂನೆಯಲ್ಲಿ ‘ಯೋಗ್ಯವಾಗಿಲ್ಲ’ ಎಂದು ಬರೆದು ಸಹಿ ಮಾಡಿದೆ.

ಇದಕ್ಕೆ ಸಮಜಾಯಿಷಿ ನೀಡಲು ನಾನು ಈವರೆಗೆ ಅಸಮರ್ಥನಾಗಿದ್ದೇನೆ. ಅಂದಿನಿಂದ ಪ್ರತಿ ಕೊಠಡಿಯಲ್ಲೂ ಕುಳಿತೇ ವರದಿ ಬರೆಯುತ್ತೇನೆ. ಕೂರುವ ಮುನ್ನ, ಕುರ್ಚಿ ಖಾಲಿ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತೇನೆ.